ಪೈಪಿನ ಮೇಲಿರುವ ಆ ಹಿತ್ತಾಳೆ ಗಂಟೆಯನ್ನು ತೆಗೆಸಬೇಡಿ

ಪ್ಲಂಬರ್ ಏನೇ ಹೇಳಲಿ, ಅದನ್ನು ತೆಗೆಸಬೇಡಿ. ಬಾತ್‌ರೂಮಿಗೆ ಬರುವ ಪೈಪಿನ ಮೇಲೆ ಗಂಟೆಯಾಕಾರದ ಹಿತ್ತಾಳೆ ವಸ್ತು, ತಲೆ ಮೇಲೊಂದು ಬೋಲ್ಟು, ಪಕ್ಕದಲ್ಲಿ ಬಾಣದ ಗುರುತು, ನಲ್ಲಿಯಲ್ಲಿ ಮೊದಲು ಚೆನ್ನಾಗಿ ಬರುತ್ತಿದ್ದ ನೀರು ಈಗ ಸಣ್ಣಗೆ ಬರುತ್ತಿದೆ, ಮನೆ ಇರೋದು ಎತ್ತರದ ಕಟ್ಟಡದ ಕೆಳಗಿನ ಮಹಡಿಯಲ್ಲಿ ಅಂತ ಬರೆದು, ಅದನ್ನು ಇಟ್ಟುಕೊಳ್ಳಲೋ ತೆಗೆಸಲೋ ಅಂತ ಕೇಳಿದ್ದೀರಿ. ಅದು ಪಿಆರ್‌ವಿ, ಅಂದರೆ ನೀರಿನ ಒತ್ತಡ ತಗ್ಗಿಸುವ ವಾಲ್ವ್. ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು.

ನಾವು ಮುಂಬೈನ ಪರೇಲಿನಲ್ಲಿ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಹಳೇ ವಠಾರದಲ್ಲಿ ಇದ್ದವರು. ಅಲ್ಲಿ ಬೆಳಗಿನ ಜಾವ ನೀರು ಬಿಟ್ಟಾಗ ಎದ್ದು ಡ್ರಮ್ಮು ತುಂಬಿಸಿಕೊಳ್ಳಬೇಕಿತ್ತು. ಚಾಳು ಕೆಡವಿ 22 ಮಹಡಿಯ ಕಟ್ಟಡ ಎದ್ದ ಮೇಲೆ ನಮಗೆ 3ನೇ ಮಹಡಿಯಲ್ಲಿ ಮನೆ ಸಿಕ್ಕಿತು. ಮೊದಮೊದಲು ನೀರು ಚೆನ್ನಾಗಿಯೇ ಬರುತ್ತಿತ್ತು. ಬರಬರುತ್ತಾ ಕಡಿಮೆಯಾಯಿತು. ಅಮ್ಮನಿಗೆ ಬಕೆಟ್ ತುಂಬುವವರೆಗೆ ಕಾಯೋದೇ ಒಂದು ಕೆಲಸ. ಪ್ಲಂಬರ್ ಬಂದ, ಗಂಟೆ ನೋಡಿದ, "ಇದೇ ತಡೀತಿರೋದು" ಅಂದ. ಅದನ್ನು ತೆಗೆಸಿ ಆ ಜಾಗಕ್ಕೆ ಒಂದು ತುಂಡು ಪೈಪ್ ಹಾಕಿಸಿದೆವು. ನೀರು ಧೋ ಅಂತ ಬಂತು. ಅಮ್ಮನಿಗೆ ಖುಷಿಯೋ ಖುಷಿ.

ನಾವು ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ನಲ್ಲಿ ಬಿಟ್ಟು ನೋಡಿ, ಎಲ್ಲ ಸರಿಯಿದೆ ಅಂದುಕೊಂಡೆವು. ನೀರು ಹರಿಯುವಾಗ ಪೈಪಿನಲ್ಲಿ ಒತ್ತಡ ಇಳಿದಿರುತ್ತದೆ. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಸ್ನಾನ ನಡೆಯುವಾಗ ಇನ್ನೂ ಇಳಿಯುತ್ತದೆ. ಪೈಪುಗಳ ಮೇಲೆ ಪೂರ್ತಿ ಒತ್ತಡ ಇರೋದು ರಾತ್ರಿ, ನಲ್ಲಿಗಳೆಲ್ಲ ಮುಚ್ಚಿ ಎಲ್ಲರೂ ಮಲಗಿದ ಮೇಲೆ. ಟೆರೇಸಿನ ಟ್ಯಾಂಕಿಯಿಂದ ಕೆಳಗಿನವರೆಗೆ ನಿಂತ ನೀರಿನ ಅಷ್ಟೂ ಭಾರ ಆಗ ಕೆಳಗಿನ ಮಹಡಿಯ ಪೈಪುಗಳ ಮೇಲಿರುತ್ತದೆ. ಲೆಕ್ಕ ಸುಲಭ. ಒತ್ತಡವನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ, 10 ಮೀಟರ್ ಎತ್ತರದ ನೀರಿಗೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಮಹಡಿಗೆ 3 ಮೀಟರ್ ಹಿಡಿದರೂ ನಮ್ಮ ಮೇಲಿನ 19 ಮಹಡಿಗೆ 57 ಮೀಟರ್ ಆಯಿತು. ಹತ್ತಿರ ಹತ್ತಿರ 6 ಬಾರ್! ಮನೆ ಬಳಕೆಗೆ 2ರಿಂದ 3 ಬಾರ್ ಧಾರಾಳ ಸಾಕು. ಹಗಲಲ್ಲಿ ಪ್ಲಂಬರ್ ನೋಡಿದ್ದು ನೀರಿನ ಹರಿವನ್ನು. ನಮ್ಮ ಪೈಪುಗಳು ತಡೆದುಕೊಳ್ಳಬೇಕಾಗಿದ್ದದ್ದು ರಾತ್ರಿಯ ಒತ್ತಡವನ್ನು.

ನಾವು ಕುಂದಾಪುರಕ್ಕೆ ಹೋಗಿದ್ದಾಗ ವಾಶ್ ಬೇಸಿನ್ ಕೆಳಗಿನ ಕನೆಕ್ಷನ್ ಪೈಪ್ ರಾತ್ರಿ ಸೀಳಿತು. ಹೊರಡುವಾಗ ಮನೆಗೆ ಬರುವ ನೀರನ್ನೆಲ್ಲ ನಿಲ್ಲಿಸುವ ಮೇನ್ ಕಾಕ್ ಮುಚ್ಚಿರಲಿಲ್ಲ. ಬೆಳಿಗ್ಗೆ ಕೆಳಗಿನ ಮನೆಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಫೋನ್ ಮಾಡುವ ಹೊತ್ತಿಗೆ ಅವರ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್ ಕಳಚಿ ಬಿದ್ದಿತ್ತು. ಮಗಳ ಮದುವೆಗೆಂದು ತಂದಿಟ್ಟ ಸೀರೆಗಳು ನೆಂದು ಹೋಗಿದ್ದವು. ಸೀಲಿಂಗ್ ನಾವೇ ಮಾಡಿಸಿಕೊಟ್ಟೆವು. ಸೀರೆಗಳ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಅದೇ.

ನೀವು ಕೇಳಿದ್ದು ಇಟ್ಟುಕೊಳ್ಳಲೋ ತೆಗೆಸಲೋ ಅಂತ. ಆ ಪ್ರಶ್ನೆಯನ್ನೇ ಬಿಡಿ. ಮೊದಲು ಚೆನ್ನಾಗಿ ಬರುತ್ತಿದ್ದ ನೀರು ಈಗ ಯಾಕೆ ಕಡಿಮೆಯಾಯಿತು ಅಂತ ಹುಡುಕಿ. ಎಷ್ಟೋ ಪಿಆರ್‌ವಿಗಳ ಒಳಗೆ ಕಸ ಸೋಸುವ ಸಣ್ಣ ಜಾಲಿ ಇರುತ್ತದೆ. ಟ್ಯಾಂಕಿಯ ಮರಳು, ತುಕ್ಕು, ಹೊಸ ಕಟ್ಟಡದ ಸಿಮೆಂಟ್ ಚೂರು ಎಲ್ಲ ಬಂದು ಅಲ್ಲಿ ಕೂರುತ್ತವೆ. ತೆಗೆದಿಟ್ಟಿದ್ದ ನಮ್ಮ ಪಿಆರ್‌ವಿಯನ್ನು ಆಮೇಲೆ ಬಿಚ್ಚಿ ನೋಡಿದರೆ ಜಾಲಿ ತುಂಬ ಕೆಸರು. ತೊಳೆದು ಅದನ್ನೇ ಮತ್ತೆ ಹಾಕಿಸಿದೆವು. ನೀರು ಮೊದಲಿನ ಹಾಗೇ ಬಂತು. ಇಷ್ಟಕ್ಕೇ ಮುಗಿಯುವ ಕೆಲಸವಾಗಿತ್ತು ಅದು.

ಹಾಗಾಗಿ ಕಾಕ್ ಮುಚ್ಚಿಸಿ ಮೊದಲು ಜಾಲಿ ತೊಳೆಸಿ. ಪಿಆರ್‌ವಿಯನ್ನೇ ಪೈಪಿನಿಂದ ಕಳಚಬೇಕಾಗಿ ಬಂದರೆ, ಮತ್ತೆ ಕೂರಿಸುವಾಗ ಬಾಣ ನೀರು ಹರಿಯುವ ಕಡೆಗೇ ಇರಲಿ. ಆಮೇಲೂ ನೀರು ಸಾಲದಿದ್ದರೆ ಮಾತ್ರ ತಲೆ ಮೇಲಿನ ಬೋಲ್ಟು. ಸಾಮಾನ್ಯವಾಗಿ ಬಲಕ್ಕೆ ತಿರುಗಿಸಿದರೆ ಒತ್ತಡ ಏರುತ್ತದೆ. ಚೂರು ಚೂರೇ ತಿರುಗಿಸಬೇಕು. ಒತ್ತಡ ಅಳೆಯುವ ಪ್ರೆಶರ್ ಗೇಜ್ ತಾರದ ಪ್ಲಂಬರಿಗೆ ಆ ಬೋಲ್ಟು ಮುಟ್ಟಲು ನಾನಂತೂ ಬಿಡೋದಿಲ್ಲ, ನೀವೂ ಬಿಡಬೇಡಿ. ರಾತ್ರಿ ಗೀಸರ್ ಆರಿಸಿ, ನಲ್ಲಿಗಳನ್ನೆಲ್ಲ ಮುಚ್ಚಿ ಗೇಜ್ ನೋಡಿ. ಮುಳ್ಳು ಒಂದೇ ಕಡೆ ನಿಲ್ಲದೆ ಮೆಲ್ಲಗೆ ಮೇಲೇರುತ್ತಿದ್ದರೆ ವಾಲ್ವಿನೊಳಗೆ ಕಸ ಸಿಕ್ಕಿದೆ, ಇಲ್ಲವೇ ವಾಶರ್ ಸವೆದಿದೆ. ಆಗ ರಿಪೇರಿ ಮಾಡಿಸಿ ಅಥವಾ ಹೊಸ ಪಿಆರ್‌ವಿ ಹಾಕಿಸಿ.

ಅಂದಹಾಗೆ, ನೀರು ಹಿಂದಕ್ಕೆ ಹೋಗದಂತೆ ತಡೆಯುವ ಎನ್‌ಆರ್‌ವಿ ಮೇಲೂ ಬಾಣ ಇರುತ್ತದೆ. ಆದರೆ ಅದಕ್ಕೆ ಒತ್ತಡ ಹೊಂದಿಸುವ ಬೋಲ್ಟು ಇರೋದಿಲ್ಲ. ಅದೂ ಇದೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದನ್ನು ಓದುವಷ್ಟರಲ್ಲಿ ಪ್ಲಂಬರ್ ಅದನ್ನು ತೆಗೆದು ಹೋಗಿದ್ದರೆ, ಮತ್ತೆ ಹಾಕಿಸುವವರೆಗೆ ದಿನಾ ರಾತ್ರಿ ಮಲಗುವ ಮುಂಚೆ ಮನೆಯ ಮೇನ್ ಕಾಕ್ ಮುಚ್ಚಿಬಿಡಿ.