ಚೀಟಿ ಹೋಗುತ್ತದೆ, ಉತ್ತರ ಬರುವುದಿಲ್ಲ

ಓದುಗರ ಪ್ರಶ್ನೆ – ವೈದ್ಯರ ಬಳಗದ ಉತ್ತರ

ಪ್ರಶ್ನೆ: ಅಪ್ಪನಿಗೆ 68 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಜಿಲ್ಲಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಅದನ್ನು ಬದಿಗಿಟ್ಟು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸಿದರು. ಹಾಗಾದರೆ ಚೀಟಿ ಯಾತಕ್ಕೆ?
– ಓದುಗರು, ಶಿರಸಿ

ಉತ್ತರ: ಆ ಚೀಟಿಯಲ್ಲಿ ಏನಿತ್ತು ಎಂದು ನೋಡಿದ್ದೀರಾ? ‘ಹೆಚ್ಚಿನ ಚಿಕಿತ್ಸೆಗಾಗಿ ಕಳಿಸಲಾಗಿದೆ’ ಎಂಬ ಒಂದೇ ಸಾಲಿದ್ದರೆ ತಜ್ಞರು ಮೊದಲಿನಿಂದ ಶುರು ಮಾಡದೆ ವಿಧಿಯಿಲ್ಲ. ಒಳ್ಳೆಯ ಚೀಟಿಯಲ್ಲಿ ಒಂದು ಪ್ರಶ್ನೆ ಇರುತ್ತದೆ. ‘ಕಿಡ್ನಿ ತೊಂದರೆ’ ಎಂದರೆ ಸಾಲದು. ‘ಆರು ತಿಂಗಳಲ್ಲಿ ಕ್ರಿಯಾಟಿನಿನ್ 1.1ರಿಂದ 1.7ಕ್ಕೆ ಏರಿದೆ, ಮೆಟ್‌ಫಾರ್ಮಿನ್ ಎಷ್ಟು ಕೊಡಬಹುದು?’ ಎಂದಿರಬೇಕು. (ಕ್ರಿಯಾಟಿನಿನ್ ಎಂದರೆ ಕಿಡ್ನಿಯ ಕೆಲಸ ಕುಗ್ಗಿದಂತೆ ರಕ್ತದಲ್ಲಿ ಏರುವ ಕಶ್ಮಲ; ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮಾತ್ರೆ.) ಜೊತೆಗೆ ಈಗ ನುಂಗುತ್ತಿರುವ ಮಾತ್ರೆಗಳ ಮೂಲ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಿ, ತಾರೀಖಿನ ಸಮೇತ ಹಿಂದಿನ ವರದಿಗಳು, ಯಾವ ಔಷಧಿ ಕೊಟ್ಟು ಪ್ರಯೋಜನವಾಗಲಿಲ್ಲ ಎಂಬ ವಿವರ ಬೇಕು. ‘ಅಲ್ಲಿ ಏನು ಕೇಳಬೇಕು ಅಂತ ಒಂದು ಸಾಲು ಬರೆದುಕೊಡಿ ಸಾರ್’ ಎಂದು ನೀವೇ ಕೇಳಿ. ಅದರಲ್ಲಿ ಸಂಕೋಚ ಬೇಡ.

ಎಲ್ಲ ಪರೀಕ್ಷೆಯೂ ದಂಡವಲ್ಲ. ಎದೆನೋವೆಂದು ಹೋದವರಿಗೆ ಇಸಿಜಿ ಹೊಸದಾಗಿ ಮಾಡಲೇಬೇಕು; ಆದರೆ ಹೋಲಿಸಲು ಹಳೆಯದೂ ಬೇಕು, ಎಸೆಯಬೇಡಿ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ ಹದಿನೈದು ದಿನಕ್ಕೇ ಮತ್ತೆ ಮಾಡಿಸಿದರೆ ಹೊಸದೇನೂ ತಿಳಿಯುವುದಿಲ್ಲ. ಸ್ಕ್ಯಾನ್ ಆಗಿದ್ದರೆ ವರದಿಯ ಹಾಳೆಯಷ್ಟೇ ಅಲ್ಲ, ಫಿಲ್ಮನ್ನೋ ಸಿಡಿಯನ್ನೋ ಒಯ್ಯಿರಿ. ಚಿತ್ರ ಕೈಗೆ ಸಿಗದೆ ಮತ್ತೆ ಸ್ಕ್ಯಾನ್ ಬರೆಯುವುದೇ ಹೆಚ್ಚು.

ಊರಿನ ವೈದ್ಯರ ದೂರು ಬೇರೆ: ಕಳಿಸಿದ ರೋಗಿ ವಾಪಸು ಬರುತ್ತಾರೆ, ಉತ್ತರ ಬರುವುದಿಲ್ಲ. ನಮ್ಮ ಮಟ್ಟಿಗೆ ಇದೇ ದೊಡ್ಡ ಲೋಪ. ನಿಮ್ಮ ತಂದೆ ತಜ್ಞರನ್ನು ವರ್ಷಕ್ಕೆ ಒಂದೆರಡು ಸಲ ಕಂಡಾರು, ಉಳಿದ ದಿನವೆಲ್ಲ ಊರಿನ ಡಾಕ್ಟರೇ ಗತಿ. ಮೆಟ್‌ಫಾರ್ಮಿನ್ ಏಕೆ ಇಳಿಸಿದರೆಂದು ಅವರಿಗೆ ತಿಳಿಯದಿದ್ದರೆ ಹಳೆಯ ಪ್ರಮಾಣವನ್ನೇ ಮತ್ತೆ ಬರೆಯುತ್ತಾರೆ. ಕಿಡ್ನಿ ಎಷ್ಟು ಚೆನ್ನಾಗಿ ರಕ್ತ ಸೋಸುತ್ತಿದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 45ಕ್ಕಿಂತ ಕೆಳಗಿಳಿದರೆ ಆ ಮಾತ್ರೆಯನ್ನು ಸಾಮಾನ್ಯವಾಗಿ ತಗ್ಗಿಸಬೇಕು, 30ಕ್ಕಿಂತ ಕೆಳಗಾದರೆ ನಿಲ್ಲಿಸಲೇಬೇಕು. ಆದ್ದರಿಂದ ಜಿಲ್ಲಾಸ್ಪತ್ರೆಯಿಂದ ಹೊರಡುವ ಮುನ್ನ ಯಾವ ಮಾತ್ರೆ ಬದಲಾಯಿತು, ಏಕೆ, ಮುಂದಿನ ರಕ್ತಪರೀಕ್ಷೆ ಯಾವಾಗ, ಏನಾದರೆ ತಿರುಗಿ ಬರಬೇಕು ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಅಮ್ಮನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿ ಐದು ತಿಂಗಳಾಯಿತು. ಮಂಡಿನೋವಿಗೆ ಇಲ್ಲಿನ ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದಾರೆ. ಒಟ್ಟಿಗೆ ಕೊಡಬಹುದೇ? ಹಲ್ಲು ಕೀಳಿಸುವುದೂ ಇದೆ.
– ಓದುಗರು, ಮದ್ದೂರು

ಉತ್ತರ: ಎಲ್ಲ ಸ್ಟ್ರಿಪ್‌ಗಳನ್ನೂ ಒಂದೇ ಚೀಲದಲ್ಲಿ ಹಾಕಿ ಇಬ್ಬರಿಗೂ ತೋರಿಸಿ. ಬ್ರ್ಯಾಂಡ್ ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇರಬಹುದು. ಒಂದು ಕಡೆ ಬರೀ ಟೆಲ್ಮಿಸಾರ್ಟಾನ್ (ಬಿಪಿ ಮಾತ್ರೆ), ಇನ್ನೊಂದು ಕಡೆ ಟೆಲ್ಮಿಸಾರ್ಟಾನ್ ಬೆರೆತ ಮಾತ್ರೆ ಎಂದಾಗಿ ಪ್ರಮಾಣ ಇಮ್ಮಡಿಯಾಗುವುದು ಬಹಳ ಸಾಮಾನ್ಯ.

ಮಂಡಿನೋವಿನ ಮಾತ್ರೆ ಡೈಕ್ಲೋಫೆನಾಕ್‌ನಂಥದ್ದಾಗಿದ್ದರೆ ಕೊಡುವ ಮುನ್ನ ಹೃದ್ರೋಗ ತಜ್ಞರನ್ನು ಕೇಳಲೇಬೇಕು. ಅದು ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ, ಹೃದಯಕ್ಕೂ ಒಳ್ಳೆಯದಲ್ಲ, ಟೆಲ್ಮಿಸಾರ್ಟಾನ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ನೋವಿಗೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು. ‘ಗ್ಯಾಸ್ ಮಾತ್ರೆ’ ಎಂದು ಒಮೆಪ್ರಜೋಲ್ ಕೊಟ್ಟಿದ್ದರೆ ಅದನ್ನೂ ತೋರಿಸಿ. ಅದು ಕ್ಲೋಪಿಡೋಗ್ರೆಲ್‌ನ ಬಲ ಕುಗ್ಗಿಸುತ್ತದೆ, ಪ್ಯಾಂಟೊಪ್ರಜೋಲ್ ವಾಸಿ.

ಹೃದಯಾಘಾತದ ನಂತರ ಸ್ಟೆಂಟ್ ಹಾಕಿದವರಿಗೆ ರಕ್ತ ತೆಳುವಾಗಿಸುವ ಎರಡೂ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಹಲ್ಲಿಗೆಂದು ನೀವಾಗಿಯೇ ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದು. ದಂತವೈದ್ಯರೇ ಹೃದ್ರೋಗ ತಜ್ಞರಿಗೆ ಫೋನ್ ಮಾಡಲಿ. ಎರಡು ನಿಮಿಷದ ಮಾತು, ಆದರೆ ರೋಗಿ ಒತ್ತಾಯಿಸದೆ ಆ ಫೋನ್ ಹೋಗುವುದು ಅಪರೂಪ.

ಪ್ರಶ್ನೆ: ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಚೀಟಿ ಬೇಕೇಬೇಕಂತೆ. ಹೃದಯಾಘಾತವಾದಾಗ ಚೀಟಿಗೆ ಓಡಬೇಕೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ತುರ್ತು ಸಂದರ್ಭದಲ್ಲಿ ಚೀಟಿಯಿಲ್ಲದೆ ಯೋಜನೆಯಡಿ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಮೊದಲೇ ದಿನ ಗೊತ್ತುಮಾಡಿಕೊಂಡು ಮಾಡಿಸುವ ದೊಡ್ಡ ಚಿಕಿತ್ಸೆಗೆ ಚೀಟಿ ಕೇಳುತ್ತಾರೆ.

ಎದೆನೋವಿಗೆ 108ಕ್ಕೆ ಕರೆ ಮಾಡಿ. ಬೆಂಗಳೂರಿನವರೆಗೆ ಕಾರಿನಲ್ಲಿ ಓಡುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಯೇ ಮೇಲು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಆಸ್ಪತ್ರೆಯಾಗಿದ್ದರೆ ಇಸಿಜಿ ಅಲ್ಲಿಂದಲೇ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡ ಕೇಂದ್ರಕ್ಕೆ ಹೋಗುತ್ತದೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಮುಂದಕ್ಕೆ ಕಳಿಸುವಾಗ ಚೀಟಿಯಲ್ಲಿ ನೋವು ಶುರುವಾದ ಗಂಟೆ, ಚುಚ್ಚುಮದ್ದು ಕೊಟ್ಟ ಗಂಟೆ ಎರಡೂ ಇರಲಿ, ಇಸಿಜಿ ಹಾಳೆ ಲಗತ್ತಾಗಿರಲಿ. ಆಂಜಿಯೋಗ್ರಾಮ್ ಯಾವಾಗ ಮಾಡಬೇಕೆಂದು ಆ ಗಂಟೆಯ ಲೆಕ್ಕದ ಮೇಲೆಯೇ ತೀರ್ಮಾನಿಸುತ್ತಾರೆ.

ಪ್ರಶ್ನೆ: ಪ್ರತಿ ಸಲ ನೂರು ಕಿಲೋಮೀಟರ್ ಹೋಗದೆ ತಜ್ಞರ ಸಲಹೆ ಪಡೆಯಲಾಗದೇ?
– ಓದುಗರು, ಹನೂರು

ಉತ್ತರ: ಆಗುತ್ತದೆ. ಸರ್ಕಾರದ ಆನ್‌ಲೈನ್ ವೈದ್ಯ ಸಲಹೆ ಸೇವೆಯಾದ ಇ-ಸಂಜೀವಿನಿ ಮೂಲಕ ಆರೋಗ್ಯ ಕೇಂದ್ರದಲ್ಲಿ ಕೂತೇ ತಜ್ಞರ ಜೊತೆ ಮಾತಾಡಬಹುದು. ವರದಿ ತೋರಿಸಿ ಮಾತ್ರೆ ಹೊಂದಿಸಲು, ಚರ್ಮದ ತೊಂದರೆಗೆ ಇದು ಚೆನ್ನಾಗಿ ಒದಗುತ್ತದೆ. ಹೊಟ್ಟೆ ಮುಟ್ಟಿ ನೋಡಬೇಕಾದ ನೋವಿಗೆ, ವಾಸಿಯಾಗದ ಕಾಲಿನ ಹುಣ್ಣಿಗೆ, ದಿಢೀರನೆ ದೃಷ್ಟಿ ಮಂಜಾದರೆ ಇದನ್ನು ನೆಚ್ಚಬೇಡಿ, ಹೊರಟುಬಿಡಿ. ಮಾತು ಮುಗಿದ ಮೇಲೆ ತಯಾರಾಗುವ ಔಷಧಿ ಚೀಟಿಯ ಒಂದು ಪ್ರತಿ ಕೇಂದ್ರದ ಡಾಕ್ಟರ ಬಳಿ, ಇನ್ನೊಂದು ನಿಮ್ಮ ಕಡತದಲ್ಲಿರಲಿ.