ಓದುಗರ ಪ್ರಶ್ನೆ: ತೊರವಿಗೆ ಹೋಗುವ ದಾರಿಯಲ್ಲಿ ಅತ್ತೆಯ ಊರು

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಎರಡು ವರ್ಷಗಳಿಂದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಹೆಣ್ಣುಮಕ್ಕಳ ಬದುಕನ್ನು ಕುರಿತು ಪಿಎಚ್.ಡಿ. ಮಾಡುವ ಆಸೆಯಿದೆ. ಅರ್ಜಿ ಹಾಕುವ ಮೊದಲು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯವನ್ನು ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂದಿದ್ದೇನೆ. ಅಲ್ಲಿ ಏನು ನೋಡಬೇಕು, ಯಾರನ್ನು ಏನು ಕೇಳಬೇಕು? ಇನ್ನೊಂದು ವಿಷಯ. ದಾರಿಯಲ್ಲಿ ಸಿಗುವ ಕೊಲ್ಹಾರದಲ್ಲಿ ನನ್ನ ಸೋದರತ್ತೆ ಇದ್ದಾರೆ. ಮುಳುಗಡೆಯಾದ ಹೊಲಕ್ಕೆ ಹೆಚ್ಚುವರಿ ಪರಿಹಾರ ಬಂದಾಗ ಅತ್ತೆ ಪಾಲು ಕೇಳಿದರೆಂದು ಅಪ್ಪ ಮಾತು ಬಿಟ್ಟು 12 ವರ್ಷಗಳಾದವು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವರು ಅವರು. ಇಳಿದು ನೋಡಿಕೊಂಡು ಬರಲೇ? ಅತ್ತೆಗೆ ಮದುವೆಯ ವಯಸ್ಸಿನ ಮಗನಿರುವುದರಿಂದ ಜನ ಬೇರೆ ಅರ್ಥ ಕಟ್ಟಿಯಾರೆಂದು ಅವ್ವ ಹೆದರುತ್ತಾಳೆ. ಹೋಗುವುದಾದರೆ ಅಪ್ಪನಿಗೆ ತಿಳಿಯದಂತೆ ಹೋಗಿ ಬಾ ಎನ್ನುತ್ತಾಳೆ.
— ಹೆಸರು ಬೇಡ, ಬಾಗಲಕೋಟೆ

ಉತ್ತರ: ಮೊದಲು ವಿಶ್ವವಿದ್ಯಾಲಯದ ಮಾತು. 2003ರಲ್ಲಿ ಆರಂಭವಾಗಿ 2017ರಿಂದ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಈ ಸಂಸ್ಥೆ ಊರ ಹೊರಗೆ ತೊರವಿಯಲ್ಲಿದೆ. ಕಟ್ಟಡ, ಉದ್ಯಾನ, ಫಲಕಗಳನ್ನು ನೋಡುವುದಕ್ಕೆ ಅರ್ಧ ತಾಸು ಸಾಕು. ಪಿಎಚ್.ಡಿ.ಗೆ ಹೊರಟವರು ಸೇರುವುದು ವಿಶ್ವವಿದ್ಯಾಲಯವನ್ನು ಎನ್ನುವುದಕ್ಕಿಂತ ಒಬ್ಬ ಮಾರ್ಗದರ್ಶಕರನ್ನು ಎನ್ನುವುದೇ ಸರಿ. ಆದ್ದರಿಂದ ನಿಮ್ಮ ಪ್ರವಾಸದ ಮುಖ್ಯ ಕೆಲಸ ಬಸ್ಸು ಹತ್ತುವ ಮೊದಲೇ, ಮನೆಯಲ್ಲಿ ಕುಳಿತೇ ಆರಂಭವಾಗಬೇಕು. ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನೀವು ಕಾಣಬೇಕೆಂದಿರುವ ಅಧ್ಯಾಪಕರ ಮಾರ್ಗದರ್ಶನದಲ್ಲಿ ಬಂದ ಒಂದೆರಡು ಪ್ರಬಂಧಗಳನ್ನು ಅಲ್ಲಿ ಹುಡುಕಿ, ಕನಿಷ್ಠ ಒಂದನ್ನು ಕೊನೆಯ ಪುಟದವರೆಗೆ ಓದಿ. ಕ್ಷೇತ್ರಕಾರ್ಯ ನಿಜವಾಗಿ ನಡೆದಿದೆಯೋ, ಬರೀ ಶೇಕಡಾವಾರು ಕೋಷ್ಟಕಗಳಿಂದ ಪುಟ ತುಂಬಿದೆಯೋ ಎಂಬುದು ಗೊತ್ತಾದರೆ, ಮುಂದಿನ ಐದಾರು ವರ್ಷ ನೀವು ಯಾರ ಕೈಕೆಳಗೆ ದುಡಿಯಬೇಕೆಂಬುದೂ ಅರ್ಧ ಗೊತ್ತಾದಂತೆಯೇ.

ಎರಡನೆಯದು ಲೆಕ್ಕದ ವಿಷಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗಿಂತ ಹೆಚ್ಚು ಸಂಶೋಧನಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ‘ಬನ್ನಿ, ನೋಡೋಣ’ ಎಂದು ಅಕ್ಕರೆಯಿಂದ ಹೇಳಿದ ಹಿರಿಯರ ಬಳಿ ಜಾಗವೇ ಇರಲಿಲ್ಲವೆಂದು ಒಂದು ವರ್ಷ ಕಳೆದ ಮೇಲೆ ತಿಳಿದು ಕೈ ಹಿಸುಕಿಕೊಂಡವರ ಪತ್ರಗಳು ನನಗೆ ಬರುತ್ತಿರುತ್ತವೆ. ಸಂಕೋಚಪಡದೆ ಕೇಳಿ: ‘ಸರ್, ಈ ವರ್ಷ ತಮ್ಮಲ್ಲಿ ಎಷ್ಟು ಸ್ಥಾನ ಖಾಲಿ ಇವೆ?’ ಇದರಲ್ಲಿ ಅಗೌರವವೇನೂ ಇಲ್ಲ. ಮುಂಚಿತವಾಗಿ ಪತ್ರ ಬರೆದು ಸಮಯ ಗೊತ್ತುಮಾಡಿಕೊಂಡು, ನಿಮ್ಮ ವಿಷಯವನ್ನು ಎರಡು ಪುಟಗಳಲ್ಲಿ ಬರೆದು ಒಯ್ಯಿರಿ. ಇಪ್ಪತ್ತು ಪುಟ ಒಯ್ದರೆ ಯಾರೂ ಓದುವುದಿಲ್ಲ.

ಅಧ್ಯಾಪಕರ ಕೊಠಡಿಯಿಂದ ಹೊರಬಂದ ಮೇಲೆ ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ಅವರದೇ ಸಂಶೋಧನಾ ವಿದ್ಯಾರ್ಥಿನಿಯರನ್ನು ಹುಡುಕಿ ಮಾತನಾಡಿಸಿ. ಅಂದಿನ ದಿನದ ನಿಜವಾದ ಕೆಲಸ ಇದು. ‘ಗೈಡ್ ಹೇಗೆ?’ ಎಂದು ಕೇಳಿದರೆ ‘ಚಲೋ ಇದ್ದಾರ’ ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು, ಒಂದು ಅಧ್ಯಾಯ ಕೊಟ್ಟರೆ ತಿದ್ದಿ ಹಿಂದಿರುಗಿಸಲು ಎಷ್ಟು ದಿನ ಹಿಡಿಯುತ್ತದೆ, ಇತ್ತೀಚೆಗೆ ಪ್ರಬಂಧ ಸಲ್ಲಿಸಿದವರು ನೋಂದಾಯಿಸಿ ಎಷ್ಟು ವರ್ಷವಾಗಿತ್ತು, ಸಂಜೆ ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಶಿಷ್ಯವೇತನ ತಿಂಗಳಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ಮೊದಲು ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ರೀತಿಯೇ ಎಷ್ಟೋ ಹೇಳುತ್ತದೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೂನ್ 2024ರಿಂದ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹತೆ ಕೊಡುವ ಪ್ರತ್ಯೇಕ ವರ್ಗವೂ ನೆಟ್‌ನಲ್ಲಿದೆ. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಕೆಲಸ ಬಿಡಲಾಗದಿದ್ದರೆ ಅರೆಕಾಲಿಕ ಪಿಎಚ್.ಡಿ.ಗೂ 2022ರ ನಿಯಮಗಳಲ್ಲಿ ಅವಕಾಶವಿದೆ, ನಿಮ್ಮ ಕಾಲೇಜಿನ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ. ಮುಗಿಸಲು ಇರುವ 6 ವರ್ಷಗಳ ಗಡುವಿನ ಮೇಲೆ ಮಹಿಳೆಯರಿಗೆ 2 ವರ್ಷಗಳ ಸಡಿಲಿಕೆಯೂ ಇದೆ.

ಇನ್ನು ಕೊಲ್ಹಾರ. ಪತ್ರದ ಕೊನೆಗೆ ‘ಇನ್ನೊಂದು ವಿಷಯ’ ಎಂದು ಬರೆದಿದ್ದೀರಿ, ಆದರೆ ಪತ್ರ ಬರೆಸಿದ್ದೇ ಅದು ಎಂದು ನನಗೆ ಅನಿಸುತ್ತದೆ. ಇಳಿಯಿರಿ ಎಂಬುದೇ ನನ್ನ ಉತ್ತರ. ಆದರೆ ಹೋಗುವಾಗ ಬೇಡ, ಬರುವಾಗ ಇಳಿಯಿರಿ. ಹನ್ನೆರಡು ವರ್ಷದ ಮೇಲೆ ಬಂದ ಅಣ್ಣನ ಮಗಳನ್ನು ಊಟವಿಲ್ಲದೆ ಕಳಿಸುವ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಅಲ್ಲಿ ಅತ್ತು, ಉಂಡು ಎದ್ದವರಿಗೆ ಮಾರ್ಗದರ್ಶಕರ ಮುಂದೆ ಸಿನಾಪ್ಸಿಸ್, ಅಂದರೆ ಸಂಶೋಧನೆಯ ರೂಪರೇಷೆ, ವಿವರಿಸುವ ಮನಸ್ಸು ಉಳಿಯುವುದಿಲ್ಲ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇರುವುದರಿಂದ ನಡುವೆ ಇಳಿದು ಬೇರೆ ಬಸ್ಸು ಹತ್ತಿದರೂ ಕೈಯಿಂದ ಏನೂ ಹೋಗುವುದಿಲ್ಲ.

ಅವ್ವ ಹೇಳಿದಂತೆ ಗುಟ್ಟಾಗಿ ಮಾತ್ರ ಹೋಗಬೇಡಿ. ಕೊಲ್ಹಾರದ ಸುದ್ದಿ ನವನಗರಕ್ಕೆ ಬರಲು ನೀವು ಕೃಷ್ಣೆಯ ಸೇತುವೆ ದಾಟುವಷ್ಟು ಹೊತ್ತೂ ಬೇಡ. ಆಮೇಲೆ ತಂದೆಯವರ ಸಿಟ್ಟು ಅತ್ತೆಯ ಮೇಲೆ ಇದ್ದದ್ದು ಇದ್ದಂತೆಯೇ ಇದ್ದು, ಅವ್ವನ ಮೇಲೂ ಒಂದು ಪಾಲು ಬೀಳುತ್ತದೆ. ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ, ‘ಅಪ್ಪಾ, ಬರೋವಾಗ ಅತ್ತೀನ್ನ ನೋಡ್ಕೊಂಡು ಬರ್ತೀನಿ’ ಎಂದು ಒಂದೇ ಮಾತು ಹೇಳಿ ಎದ್ದುಬಿಡಿ. ನೀವು ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೀರಿ. ವಾದಕ್ಕೆ ಕುಳಿತರೆ ಹೊಲದ ಲೆಕ್ಕ ಏಳುತ್ತದೆ.

ಆ ಲೆಕ್ಕದ ಬಗ್ಗೆ ನಿಮಗಷ್ಟೇ ಒಂದು ಮಾತು. ಪಾಲು ಕೇಳಿದ ಮಾತ್ರಕ್ಕೆ ಅತ್ತೆ ಆಸೆಬುರುಕರಾಗಲಿಲ್ಲ. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಕೊಟ್ಟಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದಾಗ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಿದ್ದುಪಡಿ ಜಾರಿಗೆ ಬಂದಾಗ ತಂದೆ ಬದುಕಿರಬೇಕಾದ ಅಗತ್ಯವೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ನಿಮ್ಮ ಮನೆಯ ಹೊಲ ಯಾವ ಬಗೆಯದು, ವಾಟ್ನಿ (ಆಸ್ತಿ ಹಂಚಿಕೆ) ಯಾವಾಗ ಆಗಿತ್ತು ಎಂಬುದನ್ನು ಕಾಗದ ನೋಡಿದ ವಕೀಲರೇ ಹೇಳಬೇಕು. ನಮ್ಮ ಭಾಗದಲ್ಲಿ ಅರಿಷಿಣ ಕುಂಕುಮದ ಮಾತು ಹೇಳಿ ಅಕ್ಕತಂಗಿಯರಿಂದ ಸಹಿ ಮಾಡಿಸಿಕೊಂಡ ಮನೆಗಳು ಎಷ್ಟೋ. ನೀರು ಹೊಲವನ್ನು ಮುಳುಗಿಸಿತು, ಪರಿಹಾರದ ಚೆಕ್ಕು ತವರನ್ನು ಮುಳುಗಿಸಿತು. ಆದರೆ ಇದನ್ನು ತಿಳಿದುಕೊಂಡು ಹೋಗಿ, ಹೇಳಲು ಹೋಗಬೇಡಿ. ಅತ್ತೆ ತಾವಾಗಿ ವಿಷಯ ತೆಗೆದರೆ ಕೇಳಿಸಿಕೊಳ್ಳಿ. ‘ಅಪ್ಪಗ ಹೇಳ್ತೀನಿ’ ಎಂದು ಮಾತ್ರ ಮಾತು ಕೊಡಬೇಡಿ.

ಕೊಲ್ಹಾರವೂ ಮುಳುಗಡೆಯಿಂದ ಎದ್ದು ಬೇರೆಡೆ ನೆಲೆನಿಂತ ಊರು. ನಿಮ್ಮ ಸಂಶೋಧನೆಯ ವಿಷಯವೂ ಅದೇ ಆದ್ದರಿಂದ ಇದನ್ನು ಹೇಳಲೇಬೇಕು: ಆ ದಿನ ಚೀಲದಿಂದ ನೋಟ್‌ಬುಕ್ ಹೊರಬರಬಾರದು, ಮೊಬೈಲಿನ ರೆಕಾರ್ಡರ್ ಚಾಲೂ ಆಗಬಾರದು. ಮುಂದೆಂದಾದರೂ ಸಂದರ್ಶನ ಬೇಕಾದರೆ, ಏತಕ್ಕೆ ಎಂದು ಹೇಳಿ, ಒಪ್ಪಿಗೆ ಪಡೆದು, ಬೇರೆ ದಿನ ಹೋಗಿ.

ಸೋದರತ್ತೆಯ ಮಗನ ವಿಷಯದಲ್ಲಿ ಅವ್ವನ ಅಂಜಿಕೆ ಸುಳ್ಳಲ್ಲ. ಹೊಸ್ತಿಲು ದಾಟಿ ನೀರು ಕುಡಿಯುವ ಹೊತ್ತಿಗೇ, ತೊರವಿಗೆ ಹೋಗಿದ್ದು ಪಿಎಚ್.ಡಿ. ಸೇರುವುದಕ್ಕೆ, ಇನ್ನು ಐದಾರು ವರ್ಷ ಓದುವುದೇ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾಗುವುದಿಲ್ಲ, ನಿಮ್ಮ ಮನಸ್ಸಿನಲ್ಲೇ ಬೇರೆ ಇದ್ದರೆ ಮಾತು ಬೇರೆ.

ಕೈಯಲ್ಲಿ ಅಮೀನಗಡದ ಕರದಂಟು ಇರಲಿ, ಅವ್ವ ಮಾಡಿದ ಶೇಂಗಾ ಹೋಳಿಗೆ ಇದ್ದರೆ ಇನ್ನೂ ಚೆನ್ನ. ಇಳಕಲ್ ಸೀರೆ ಒಯ್ಯಬೇಡಿ. ಪಂಚಮಿಗೆ ಅಕ್ಕತಂಗಿಯರನ್ನು ಕರೆಯಲು ಹೋಗುವ ಅಣ್ಣತಮ್ಮಂದಿರು ಒಯ್ಯಬೇಕಾದದ್ದು ಅದು. ನೀವು ಕೊಟ್ಟರೆ ನಿಮ್ಮ ತಂದೆಯವರ ಕೆಲಸವನ್ನು ನೀವು ಮುಗಿಸಿದಂತಾಗುತ್ತದೆ. ಹೊರಡುವಾಗ ಅತ್ತೆ ಉಡಿ ತುಂಬುತ್ತಾರೆ, ಒಂದು ಗಡಿಗೆ ಕೊಲ್ಹಾರದ ಮೊಸರನ್ನೂ ಕೊಟ್ಟಾರು. ಬೇಡವೆನ್ನದೆ ತೆಗೆದುಕೊಳ್ಳಿ. ಮನೆಗೆ ಬಂದು ಅದನ್ನು ಚೀಲದಲ್ಲಿ ಮುಚ್ಚಿಡದೆ, ರಾತ್ರಿಯ ಊಟಕ್ಕೆ ಎಲ್ಲರ ನಡುವೆ ಇಡಿ. ಮೊಸರು ಯಾವ ಊರಿನದು ಎಂದು ತಂದೆಯವರು ಕೇಳಬೇಕಾಗಿಯೂ ಬರುವುದಿಲ್ಲ.