ಹಳೆಯ ಕಟ್ಟಡದ ಕರೆಂಟ್ ಬಿಲ್ಲು: ಮೊದಲು ತಾರಸಿ ಹತ್ತಿ ನೋಡಿ

ಓದುಗರ ಪ್ರಶ್ನೆಗಳಿಗೆ ವಿದ್ಯುತ್ ಲೆಕ್ಕಪರಿಶೋಧಕಿಯ ಉತ್ತರ

ಪ್ರಶ್ನೆ: ಮೇಡಂ, ಹುಬ್ಬಳ್ಳಿಯಲ್ಲಿ ನಮ್ಮ ತಂದೆ 1986ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ವಾಣಿಜ್ಯ ಸಂಕೀರ್ಣವಿದೆ. ಕೆಳಗೆ ಬಟ್ಟೆ ಅಂಗಡಿಗಳು, ನಡುವೆ ಕೋಚಿಂಗ್ ತರಗತಿ, ಮೇಲೆ ಒಂದು ಕಚೇರಿ. ಇಡೀ ಕಟ್ಟಡಕ್ಕೆ 60 ಫ್ಯಾನುಗಳು, ಮೇಲಿನ ಕಚೇರಿಯಲ್ಲಿ ಎಂಟು ಎಸಿಗಳಿವೆ. ಮಾರ್ಚ್ ಬಂತೆಂದರೆ ಒಂದೂ ತಂಪು ಕೊಡುವುದಿಲ್ಲ. ಬಾಡಿಗೆದಾರರು ಬಿಟ್ಟುಹೋಗುವ ಮಾತಾಡುತ್ತಿದ್ದಾರೆ. ಒಬ್ಬರು ಎಲ್ಲವನ್ನೂ ತೆಗೆದು ಎರಡು ಟನ್ನಿನ ಎಸಿ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಮೊದಲು ಸೋಲಾರ್ ಎನ್ನುತ್ತಾರೆ. ನನ್ನಲ್ಲಿರುವುದು 8 ಲಕ್ಷ ರೂಪಾಯಿ. ಯಾವುದು ಮೊದಲು?

ಉತ್ತರ: ಎರಡೂ ಮೊದಲಲ್ಲ. ಏಪ್ರಿಲ್‌ನ ಒಂದು ಸಂಜೆ ಏಳು ಗಂಟೆಗೆ ಮೇಲಿನ ಕಚೇರಿಯಲ್ಲಿ ಸ್ಟೂಲ್ ಹತ್ತಿ ಸೂರಿಗೆ ಅಂಗೈ ಇಡಿ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಸೂರು ಬೆಚ್ಚಗೇ ಇರುತ್ತದೆ. ಐದು ಅಂಗುಲದ ಕಾಂಕ್ರೀಟ್ ತಾರಸಿ ಬೆಳಿಗ್ಗೆಯಿಂದ ಬಿಸಿಲನ್ನು ಹೀರಿ, ಮಧ್ಯಾಹ್ನ ಮೂರರ ನಂತರ ಕೆಳಗಿರುವವರ ತಲೆಯ ಮೇಲೆ ಇಳಿಸಲು ಶುರುಮಾಡುತ್ತದೆ. ನಿಮ್ಮ ಎಂಟು ಎಸಿಗಳು ಜನರನ್ನು ತಂಪು ಮಾಡುತ್ತಿಲ್ಲ, ತಾರಸಿಯನ್ನು ತಂಪು ಮಾಡಲು ಹೆಣಗುತ್ತಿವೆ.

ಈ ಪಾಠವನ್ನು ನಾನು ಬಳ್ಳಾರಿಯಲ್ಲಿ ಕಲಿತೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಅಲ್ಲಿನ ಒಂದು ಕಚೇರಿಗೆ ದೊಡ್ಡ ಎಸಿಗಳನ್ನು ಹಾಕಿಸಿ ಎಂದು ವರದಿ ಬರೆದುಕೊಟ್ಟಿದ್ದೆ. ಅವರು ನಂಬಿ ಹಣ ಹಾಕಿದರು. ಮುಂದಿನ ಬೇಸಿಗೆಯಲ್ಲಿ ಅದೇ ದೂರು. ಆಗ ಮೊದಲ ಬಾರಿಗೆ ತಾರಸಿ ಹತ್ತಿದೆ. ಸೋರಿಕೆ ತಡೆಯಲು ಇಡೀ ತಾರಸಿಗೆ ಕಪ್ಪು ಡಾಂಬರು ಹಾಳೆ ಹೊದಿಸಿದ್ದರು. ಚಪ್ಪಲಿಯ ಅಡಿಗೆ ಅಂಟುತ್ತಿತ್ತು. ಉಷ್ಣಮಾಪಕ ಹಿಡಿದರೆ 63 ಡಿಗ್ರಿ. ಅದನ್ನು ಕಿತ್ತು ಬಿಳಿ ಟೈಲ್ಸ್ ಚೂರು ಹಾಸಿಸಿದ ಮೇಲೆ ಎರಡು ಎಸಿಗಳನ್ನು ಅವರು ಹಾಕುವುದನ್ನೇ ಬಿಟ್ಟರು. ಅಂದಿನಿಂದ ಯಾವ ಕಟ್ಟಡಕ್ಕೆ ಹೋದರೂ ಮೀಟರ್ ಬೋರ್ಡಿಗಿಂತ ಮೊದಲು ನಾನು ನೋಡುವುದು ತಾರಸಿಯನ್ನು.

ನೀವು ಮಾಡಬೇಕಾದ್ದು ಇಷ್ಟು. ಸೋರುವ ಬಿರುಕುಗಳನ್ನು ಮೊದಲು ಮುಚ್ಚಿಸಿ. ನೀರು ಹರಿಯುವ ಇಳಿಜಾರು ಸರಿಮಾಡಿಸಿ, ಅದರ ಮೇಲೆ ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸಿ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣವೂ ಆಗುತ್ತದೆ, ಆದರೆ ಕೆಲವು ವರ್ಷಗಳಿಗೊಮ್ಮೆ ಮತ್ತೆ ಬಳಿಯಬೇಕು. ಯಾವುದೇ ಆದರೂ ವರ್ಷಕ್ಕೆ ಎರಡು ಸಲ ತೊಳೆಸಲೇಬೇಕು. ನಿಮ್ಮೂರಿನ ಧೂಳು ಕೂತರೆ ಬಿಳಿ ಬೂದಿಯಾಗುತ್ತದೆ, ಬೂದಿ ಮತ್ತೆ ಬಿಸಿಲು ಹೀರುತ್ತದೆ.

ನೀವು ಕಳುಹಿಸಿದ ಚಿತ್ರದಲ್ಲಿ ಇನ್ನೊಂದು ಸಂಗತಿ ಕಂಡೆ. ಪಶ್ಚಿಮದ ಗೋಡೆಯಲ್ಲಿ ಹಳೆಯ ಮರದ ಕಿಟಕಿಗಳನ್ನು ತೆಗೆದು ದೊಡ್ಡ ಗಾಜು ಕೂರಿಸಿದ್ದೀರಿ, ಒಳಗೆ ದಪ್ಪ ಪರದೆ ಬಿಟ್ಟಿದ್ದೀರಿ. ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಕೋಣೆಗೆ ಕೊಡುವುದಿಲ್ಲ. ಗಾಜು ದಾಟಿದ ಬಿಸಿಲು ಪರದೆಯನ್ನೇ ಕಾಯಿಸುತ್ತದೆ, ಆ ಬಿಸಿ ಒಳಗೇ ಉಳಿಯುತ್ತದೆ. ನೆರಳು ಗಾಜಿನ ಹೊರಗಿರಬೇಕು. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಅಡ್ಡ ಸಜ್ಜಾ ಒಂದೇ ಸಾಲದು. ಲಂಬವಾದ ಪಟ್ಟಿಗಳು ಅಥವಾ ಮೇಲೆಳೆದು ಕಟ್ಟಬಹುದಾದ ಬಿದಿರಿನ ತಟ್ಟಿಗಳು ಬೇಕು. ಬಿದಿರಿನ ತಟ್ಟಿ ಅಂದಗೆಡಿಸುತ್ತದೆ ಎಂದು ಮಾಲೀಕರು ಹೇಳುವುದನ್ನು ಕೇಳಿದ್ದೇನೆ. ನನ್ನ ಕಣ್ಣಿಗೆ ಅದು ಬೆವರುವ ಗಾಜಿಗಿಂತ ಚೆಂದ.

ಇದಾದ ಮೇಲೆ ಎಸಿ. ಹಳೆಯ ಸಂಕೀರ್ಣಗಳಲ್ಲಿ ಗಾಳಿಬೆಳಕಿಗೆಂದು ಬಿಟ್ಟ ಕಿರಿದಾದ ಓಣಿಯಲ್ಲೇ ಎಲ್ಲ ಎಸಿಗಳ ಹೊರಘಟಕಗಳನ್ನು ಒಂದರ ಮೇಲೊಂದು ತೂಗುಹಾಕಿರುತ್ತಾರೆ. ಕೆಳಗಿನದು ಉಗುಳಿದ ಬಿಸಿಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. ನಿಮ್ಮಲ್ಲೂ ಹಾಗೇ ಇದ್ದರೆ ಅವುಗಳನ್ನು ತೆರೆದ ಜಾಗಕ್ಕೆ ತನ್ನಿ, ಅವುಗಳ ಕೆಸರುಗಟ್ಟಿದ ತೆಳು ಲೋಹದ ರೆಕ್ಕೆಗಳನ್ನು ನೀರಿನಿಂದ ತೊಳೆಸಿ. ಆಮೇಲೆ ಒಂದು ಬೇಸಿಗೆ ಕಾಯಿರಿ. ತಾರಸಿ ಬಿಳಿಯಾಗಿ, ಗಾಜಿಗೆ ನೆರಳು ಬಿದ್ದ ಮೇಲೆ ಎರಡು ಟನ್ನಿನ ಅಗತ್ಯವೇ ಬರಲಿಕ್ಕಿಲ್ಲ; ಕೆಟ್ಟವುಗಳನ್ನು ಮಾತ್ರ ಒಂದೊಂದಾಗಿ ಹೆಚ್ಚು ಸ್ಟಾರ್ ಇರುವ ಇನ್ವರ್ಟರ್ ಎಸಿಗೆ (ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಎಸಿ) ಬದಲಿಸಿ. ಉಷ್ಣಾಂಶ 25ಕ್ಕೆ ಇಟ್ಟು ಫ್ಯಾನ್ ಹಾಕಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಫ್ಯಾನಿನ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಕಟ್ಟಡದಲ್ಲಿ 60 ಫ್ಯಾನುಗಳಿವೆ ಎಂದು ಬರೆದಿದ್ದೀರಿ. ಹಳೆಯದು ಸುಮಾರು 75 ವಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ, ಕಡಿಮೆ ಕರೆಂಟಿನ ಮೋಟರಿನದು) 30 ವಾಟ್. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ತಿರುಗಿದರೆ ಉಳಿಯುವುದು 8,100 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 64,800 ರೂಪಾಯಿ. ಒಂದಕ್ಕೆ 3,000 ರೂಪಾಯಿ ಕೊಟ್ಟು ಕೊಂಡರೆ ಮೂರು ವರ್ಷದೊಳಗೆ ಅಸಲು ಬಂತು. ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳಿ: ಹಳೆಯ ರೆಗ್ಯುಲೇಟರ್ ತೆಗೆದು ನೇರವಾಗಿ ಜೋಡಿಸಬೇಕು. ಮೆಟ್ಟಿಲು, ಪಡಸಾಲೆಗಳಲ್ಲಿ ತಾಮ್ರದ ಚೋಕ್ ಇರುವ 40 ವಾಟ್‌ನ ಟ್ಯೂಬ್‌ಲೈಟ್ ಉಳಿದಿದ್ದರೆ ಅದು ಚೋಕ್ ಸೇರಿ 50 ವಾಟ್ ದಾಟುತ್ತದೆ. 20 ವಾಟ್‌ನ ಎಲ್‌ಇಡಿ ಸಾಕು.

ಇಷ್ಟಕ್ಕೂ ಮೊದಲು ತಂತಿಗಳು ಕೂಡುವ ಒಂದು ಜಂಕ್ಷನ್ ಪೆಟ್ಟಿಗೆ ತೆರೆಸಿ ನೋಡಿ. ಆ ಕಾಲದ ಅನೇಕ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿಯಿದೆ, ಆಮೇಲೆ ಸೇರಿಸಿದ ತಾಮ್ರವನ್ನು ಅದಕ್ಕೆ ಸುಮ್ಮನೆ ಸುತ್ತಿರುತ್ತಾರೆ. ಅಂಥ ಜೋಡಣೆ ಸಡಿಲವಾಗಿ ಕಾಯುತ್ತದೆ. ಕಂದುಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕಂಡರೆ ಉಳಿದೆಲ್ಲ ಕೆಲಸ ನಿಲ್ಲಿಸಿ ತಂತಿ ಬದಲಿಸಿ. ಕೆಳಗೆ ಬಟ್ಟೆ ಅಂಗಡಿಗಳಿವೆ, ನಡುವಿನ ಅಂತಸ್ತಿನಲ್ಲಿ ಮಕ್ಕಳಿದ್ದಾರೆ.

ಸೋಲಾರ್ ಖಂಡಿತ ಹಾಕಿಸಿ, ಆದರೆ ಕೊನೆಗೆ. ಬಳಕೆ ಇಳಿದ ಮೇಲೆ ಎಷ್ಟು ಕಿಲೋವಾಟ್ ಬೇಕೆಂಬುದು ಬೇರೆಯೇ ಆಗಿರುತ್ತದೆ. ಫಲಕಗಳ ಕಾಲುಗಳನ್ನು ನೆಟ್ಟ ಮೇಲೆ ಅದರಡಿಯ ಸೋರಿಕೆ ಸರಿಪಡಿಸುವುದೂ ಕಷ್ಟ.

ಪ್ರಶ್ನೆ: ಮಂಗಳೂರಿನಲ್ಲಿ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಮುದ್ರಣ ವಿನ್ಯಾಸದ ಕಚೇರಿ ನಡೆಸುತ್ತೇನೆ. ಬಿಲ್ ಕಟ್ಟುವವಳು ನಾನು, ಕಟ್ಟಡ ಮಾಲೀಕರದು. ಅವರು ಒಂದು ರೂಪಾಯಿ ಹಾಕುವುದಿಲ್ಲ ಎನ್ನುತ್ತಾರೆ. ನಾನೇಕೆ ಹಾಕಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಎಷ್ಟೋ ಹಳೆಯ ಕಟ್ಟಡಗಳು ಹಾಗೇ ಉಳಿದಿರುವುದು ತಂತ್ರಜ್ಞಾನ ಇಲ್ಲದೆ ಅಲ್ಲ. ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು ಎಂಬ ಈ ಗಂಟಿನಿಂದ. ಬಿಟ್ಟುಹೋಗುವಾಗ ಕಳಚಿ ಒಯ್ಯಬಹುದಾದದ್ದನ್ನು ನೀವು ಕೊಳ್ಳಿ: ಫ್ಯಾನು, ದೀಪ, ಎಸಿ. ಕಳಚಲಾಗದ್ದಕ್ಕೆ, ಅಂದರೆ ತಂತಿ, ಕಿಟಕಿ, ಹೊರಗಿನ ನೆರಳಿಗೆ, ಕರಾರು ನವೀಕರಿಸುವ ಹೊತ್ತಿಗೆ ಮಾತಾಡಿ. ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟು, ಮಾಲೀಕರು ಖರ್ಚು ಮಾಡಲಿ, ಉಳಿದ ಹಣದಲ್ಲಿ ಅರ್ಧವನ್ನು ಅಸಲು ತೀರುವವರೆಗೆ ಬಾಡಿಗೆಯ ಜೊತೆ ಕೊಡುತ್ತೇನೆ ಎಂದು ಬರೆದುಕೊಡಿ. ಬಾಯಿಮಾತಿನಲ್ಲಿ ಬಿಡಬೇಡಿ. ನಿಮ್ಮೂರಿನ ಸೆಕೆಗೆ ಇನ್ನೊಂದು ಸಲಹೆ: ಎಸಿ ಹಾಕಿದಾಗ ಕಿಟಕಿಯ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ. ಸಂದಿನಿಂದ ನುಗ್ಗುವ ಒದ್ದೆಗಾಳಿಯ ತೇವ ತೆಗೆಯುವುದಕ್ಕೇ ಎಸಿಯ ಶಕ್ತಿಯಲ್ಲಿ ದೊಡ್ಡ ಪಾಲು ಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ 1970ರ ದಶಕದ ಕಚೇರಿ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವುದೇ ಒಳ್ಳೆಯದು ಎಂದು ಪಾಲುದಾರರು ವಾದಿಸುತ್ತಿದ್ದಾರೆ. ಹಳೆಯದಕ್ಕೆ ಹಣ ಹಾಕುವುದು ದಂಡವೇ?

ಉತ್ತರ: ಅಡಿಪಾಯ, ಕಂಬಗಳು ಗಟ್ಟಿಯಾಗಿದ್ದರೆ ಕೆಡವಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಸಿಮೆಂಟು, ಉಕ್ಕು, ಇಟ್ಟಿಗೆ ಸುಡಲು ಒಮ್ಮೆ ಇಂಧನ ಖರ್ಚಾಗಿದೆ. ಕೆಡವಿದರೆ ಅದು ಮಣ್ಣುಪಾಲು, ಮತ್ತೆ ಅಷ್ಟೇ ಸುಡಬೇಕು.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 1931ರದು. 2009ರಲ್ಲಿ ಪ್ರಕಟಿಸಿದ ನವೀಕರಣ ಯೋಜನೆಯಲ್ಲಿ ಅದರ 6,514 ಕಿಟಕಿಗಳನ್ನು ಎಸೆಯದೆ, ಅದೇ ಕಟ್ಟಡದ ಐದನೇ ಮಹಡಿಯಲ್ಲಿ ಕಾರ್ಯಾಗಾರ ಹೂಡಿ, ಹಳೆಯ ಗಾಜುಗಳ ನಡುವೆ ತೆಳುಪೊರೆ ಮತ್ತು ಅನಿಲ ತುಂಬಿಸಿ ಮತ್ತೆ ಕೂರಿಸಿದರು. ಬಿಸಿನೀರಾವಿಯ ರೇಡಿಯೇಟರ್‌ಗಳ ಹಿಂದೆ ಶಾಖ ಹೊರಹೋಗದಂತೆ ತಡೆ ಹಾಕಿದರು. ಹೊರೆ ಇಳಿದದ್ದರಿಂದ ತಂಪುಗೊಳಿಸುವ ದೊಡ್ಡ ಯಂತ್ರಗಳನ್ನು ಬದಲಿಸದೆ ದುರಸ್ತಿ ಮಾಡಿಯೇ ನಿಭಾಯಿಸಿದರು. ಇಂಧನ ಬಳಕೆಯನ್ನು ಶೇ 38ರಷ್ಟು ಇಳಿಸುವುದು ಗುರಿಯಾಗಿತ್ತು. ಹುಬ್ಬಳ್ಳಿಯ ಓದುಗರಿಗೆ ಹೇಳಿದ ಕ್ರಮವೇ ಅಲ್ಲೂ: ಮೊದಲು ತಾರಸಿ, ಕಿಟಕಿಯಂಥ ಕಟ್ಟಡದ ಹೊದಿಕೆ, ಆಮೇಲೆ ಯಂತ್ರ.

ನಮ್ಮಲ್ಲಿ 2007ರಲ್ಲಿ ಬಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಮುಖ್ಯವಾಗಿ ಹೊಸ ದೊಡ್ಡ ಕಟ್ಟಡಗಳಿಗೆ. ಹಳೆಯ ಕಟ್ಟಡದ ಮಾಲೀಕರ ಬಾಗಿಲು ಬಡಿಯುವವರು ಇಲ್ಲ. ಅದಕ್ಕೇ ನಿಮ್ಮಂಥವರು ಕೇಳಿದಾಗ ನನಗೆ ಸಂತೋಷವಾಗುತ್ತದೆ.

ಪ್ರಶ್ನೆ: ಮೈಸೂರಿನಲ್ಲಿ 32 ಕೋಣೆಗಳ ಹಳೆಯ ಲಾಡ್ಜ್ ಇದೆ. ಪ್ರತಿ ಕೋಣೆಗೂ ಗೀಸರ್. ಬಿಲ್ ತಡೆಯಲಾಗುತ್ತಿಲ್ಲ.

ಉತ್ತರ: ಬೆಳಿಗ್ಗೆ ಆರಕ್ಕೆ ಎಲ್ಲರೂ ಒಟ್ಟಿಗೆ ಹಾಕಿದರೆ 2 ಕಿಲೋವಾಟ್‌ನಂತೆ 64 ಕಿಲೋವಾಟ್! 100 ಲೀಟರ್ ನೀರನ್ನು 25 ಡಿಗ್ರಿಯಿಂದ 50ಕ್ಕೆ ಏರಿಸಲು ಗೀಸರ್‌ಗೆ ಸುಮಾರು 3 ಯೂನಿಟ್ ಬೇಕು. ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವ ಹೀಟ್ ಪಂಪ್‌ಗೆ ಸುಮಾರು ಒಂದು ಸಾಕು. ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್, ಮೋಡದ ದಿನಗಳಿಗೆ ಜೊತೆಯಲ್ಲಿ ಹೀಟ್ ಪಂಪ್, ಇದು ನಿಮಗೆ ಸರಿಹೊಂದುತ್ತದೆ. ಆದರೆ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸದೆ ಯಾವುದನ್ನೂ ಕೊಳ್ಳಬೇಡಿ. ನಾಳೆ ಬೆಳಿಗ್ಗೆ ನೆಲಮಹಡಿಯ ಕಟ್ಟಕಡೆಯ ಕೋಣೆಯಲ್ಲಿ ಟೇಪು ಹಿಡಿದು, ತಾರಸಿಯ ಟ್ಯಾಂಕಿನಿಂದ ಅಲ್ಲಿನ ನಲ್ಲಿಯವರೆಗೆ ಪೈಪು ಎಷ್ಟು ಉದ್ದ ಎಂದು ಅಳೆಯಿರಿ. ಆ ಅಳತೆಯನ್ನೂ ದಿನಕ್ಕೆ ಸರಾಸರಿ ಎಷ್ಟು ಕೋಣೆ ತುಂಬುತ್ತವೆ ಎಂಬುದನ್ನೂ ಬರೆದು ಕಳುಹಿಸಿ. ಎಷ್ಟು ಲೀಟರಿನ ವ್ಯವಸ್ಥೆ ಬೇಕೆಂದು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.